ಕಲ್ಲು ಸೀಳಿದ ಶನಿವಾರ

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ನಾನು ಲಂಗ ಹಾಕುವ ಕಾಲದಿಂದಲೂ ನಮ್ಮಮ್ಮ ಹೇಳುತ್ತಿದ್ದಳು. ಆಮೇಲೆ ಗಂಡ ಹೇಳಿದ. ಈಗ ಸೊಸೆ ಬಾಯಲ್ಲಿ ಹೇಳುವುದಿಲ್ಲ, ಪಾತ್ರೆ ಕುಕ್ಕಿ ಹೇಳುತ್ತಾಳೆ. ಇರಲಿ, ಅದರಲ್ಲಿ ಸುಳ್ಳೇನಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೂತು ಎರಡು ಮಾತು ಆಡಿದೆನಲ್ಲ, ಅದರ ಫಲ ಉಂಡದ್ದು ನಾನಲ್ಲ, ನಮ್ಮಪ್ಪ.

ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಯಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಎಲೆಕ್ಟ್ರಾನಿಕ್ ಸಿಟಿ ಅಂದರೆ ಈಗಿನದನ್ನು ನೆನೆಸಿಕೊಳ್ಳಬೇಡಿ. ಹೊಸೂರು ರಸ್ತೆಯ ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಕಟ್ಟಡ, ನಡುವೆ ರಾಗಿ ಹೊಲ, ನೀಲಗಿರಿ ತೋಪು. ಖಾಲಿ ಬಿದ್ದ ಸೈಟುಗಳಿಗೆಲ್ಲ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ಆ ಕಂಬಗಳು ಬಂದದ್ದು ಜಿಗಣಿ ಕಡೆಯ ನಮ್ಮೂರ ಬಂಡೆಯಿಂದ. ಅದರಲ್ಲಿ ಎಷ್ಟೋ ಕಂಬಗಳನ್ನು ಸೀಳಿದವನು ನಮ್ಮಪ್ಪ. ಬಸ್ಸಿನಿಂದ ಇಳಿದು ಗೇಟಿನವರೆಗೆ ನಡೆಯುವಾಗ ನನಗೆ ಅದರ ಜಂಬ ಇತ್ತು. ಯಾರಿಗೂ ಹೇಳುತ್ತಿರಲಿಲ್ಲ ಅಷ್ಟೆ.

ಬಂಡೆಯ ಕೆಲಸದಲ್ಲಿ ಎರಡು ಥರದವರು. ಒಬ್ಬರು ಕಲ್ಲು ಸೀಳುವವರು, ಇನ್ನೊಬ್ಬರು ಜಲ್ಲಿ ಒಡೆಯುವವರು. ಜಲ್ಲಿಗೆ ಹೆಂಗಸರು, ಮುದುಕರು, ಕೈಲಾಗದವರು ಕೂರುತ್ತಿದ್ದರು. ಸೀಳುವವನ ಮರ್ಯಾದೆಯೇ ಬೇರೆ. ಅವನು ಕಲ್ಲಿನ ಮೇಲೆ ಕೆಮ್ಮಣ್ಣು ಅದ್ದಿದ ದಾರದಿಂದ ಗೆರೆ ಎಳೆಯುತ್ತಾನೆ, ಗೆರೆಯ ಉದ್ದಕ್ಕೂ ಉಳಿಯಿಂದ ಕುಳಿ ತೋಡುತ್ತಾನೆ, ಒಂದೊಂದು ಕುಳಿಗೂ ಒಂದೊಂದು ಕಬ್ಬಿಣದ ಬೆಣೆ ಇಡುತ್ತಾನೆ. ಆಮೇಲೆ ಸುತ್ತಿಗೆ ಹಿಡಿದು ಆ ಕೊನೆಯಿಂದ ಈ ಕೊನೆಗೆ ಒಂದೊಂದು ಬೆಣೆಗೂ ಒಂದೊಂದೇ ಏಟು ಹಾಕುತ್ತ ಬರುತ್ತಾನೆ. ಕಿವಿ ಬೇಕಾಗುವುದು ಆಗಲೇ. ಮೊದಮೊದಲು ಕಲ್ಲು ಖಣಖಣ ಎನ್ನುತ್ತದೆ. ಒಳಗೆ ಬಿರುಕು ಬಿಡಲು ಶುರುವಾದರೆ ದನಿ ಮಂಕಾಗುತ್ತದೆ. ಆ ಘಳಿಗೆಯಲ್ಲಿ ಸುತ್ತಿಗೆ ಕೆಳಗಿಟ್ಟು ಕಾಯಬೇಕು. ಕಲ್ಲು ತಾನಾಗಿ ಬಾಯಿ ಬಿಡುತ್ತದೆ. ಆತುರಪಟ್ಟು ಇನ್ನೊಂದು ಏಟು ಹಾಕಿದರೆ ಬಿರುಕು ಗೆರೆ ಬಿಟ್ಟು ಅಡ್ಡ ಓಡುತ್ತದೆ, ಕಂಬವಾಗಬೇಕಾದ ಕಲ್ಲು ಜಲ್ಲಿಗೆ ಹೋಗುತ್ತದೆ.

ನಮ್ಮಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮೂವತ್ತು ವರ್ಷ ಆ ಖಣಖಣದ ನಡುವೆಯೇ ಬದುಕಿದವನು, ಕೇಳಿಸುವುದಾದರೂ ಹೇಗೆ? ಎದುರಿಗೆ ನಿಂತು ಜೋರಾಗಿ ಹೇಳಿದರೆ ಗೊತ್ತಾಗುತ್ತಿತ್ತು, ಬೆನ್ನ ಹಿಂದೆ ಹೇಳಿದರೆ ಇಲ್ಲ. ಮನೆಯಲ್ಲಿ ನಮಗೆಲ್ಲ ಅದು ಗೊತ್ತಿತ್ತು, ಮಾತಾಡುತ್ತಿರಲಿಲ್ಲ. ಬಂಡೆಯ ಮೇಲೆ ಎಲ್ಲರೂ ಕಿರುಚಿಯೇ ಮಾತಾಡುವುದರಿಂದ ಅಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಬಂಡೆ ನಡೆಸುವ ಮೇಸ್ತ್ರಿಗೆ ತಿಳಿದರೆ ಮಾರನೆಯ ದಿನವೇ ಜಲ್ಲಿಗೆ ಕೂರಿಸುತ್ತಾರೆ ಎಂದು ಅಮ್ಮ ನನಗೆ ಎಷ್ಟೋ ಸಲ ಹೇಳಿದ್ದಳು. ಕಿವಿಯಿಲ್ಲದೆ ಅವನು ಹೇಗೆ ಸೀಳುತ್ತಾನೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಅನುಭವ, ಕಣ್ಣಳತೆ, ಏನೋ ಒಂದು ಎಂದುಕೊಂಡಿದ್ದೆ. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಕೇಳಬೇಕಾದ್ದನ್ನು ಮಾತ್ರ ಕೇಳಿರಲಿಲ್ಲ.

ನಮ್ಮ ಫ್ಯಾಕ್ಟರಿಯ ಕನ್ನಡ ಸಂಘದವರು ಆ ವರ್ಷ ನವೆಂಬರಿನಲ್ಲಿ ಆರ್ಕೆಸ್ಟ್ರಾ ಬೇಡ, ಸುತ್ತಮುತ್ತಲ ಹಳ್ಳಿಗಳ ಕಸುಬುದಾರರನ್ನು ಕರೆಸಿ ಎಲ್ಲರ ಮುಂದೆ ಕೆಲಸ ಮಾಡಿಸೋಣ ಎಂದು ತೀರ್ಮಾನಿಸಿದರು. ಕಸುಬಿನ ಹಬ್ಬ ಎಂದು ಬೋರ್ಡೂ ಬರೆಸಿದರು. ಸಂಘದ ಕಾರ್ಯದರ್ಶಿ ಡ್ರಾಯಿಂಗ್ ಸೆಕ್ಷನ್ನಿನವರು, ಒಳ್ಳೆಯ ಮನುಷ್ಯರೇ. ಕ್ಯಾಂಟೀನಿನಲ್ಲಿ ಪಟ್ಟಿ ಓದುತ್ತಿದ್ದರು: ಕುಂಬಾರರು, ಬುಟ್ಟಿ ಹೆಣೆಯುವವರು, ಚಾಪೆ ನೇಯುವವರು, ಕಂಬಳಿಯವರು. ಯಾರೋ ಒಬ್ಬರು, "ಕಲ್ಲಿನೋರು ಬೇಡ್ವಾ ಸಾರ್, ಇಲ್ಲಿ ತುಂಬಾ ಜನ ಇದಾರಲ್ಲ" ಅಂದರು.

"ಕಲ್ಲು ಒಡೆಯೋದ್ರಲ್ಲಿ ತೋರ್ಸೋದೇನಿದೆ? ತೋಳಲ್ಲಿ ಶಕ್ತಿ ಇದ್ರೆ ಯಾರ್ ಬೇಕಾದ್ರೂ ಒಡೀತಾರೆ" ಎಂದರು ಕಾರ್ಯದರ್ಶಿ.

ನನ್ನ ಕೈಯಲ್ಲಿ ಚಿತ್ರಾನ್ನದ ತುತ್ತು ಇತ್ತು. ಅದನ್ನು ತಟ್ಟೆಗೆ ಹಾಕಿದೆ. "ಒಡೆಯೋದಲ್ಲ ಸಾರ್, ಸೀಳೋದು. ನಿಮ್ ಸ್ಕೇಲಿಟ್ಟು ಗೆರೆ ಎಳೀರಿ, ಆ ಗೆರೆ ಮೇಲೇ ನಮ್ಮಪ್ಪ ಸೀಳಿ ಕೊಡ್ತಾರೆ. ಕೂದಲೆಳೆ ಆಚೆ ಈಚೆ ಆದ್ರೆ ಹೇಳಿ" ಅಂದೆ. ಅವರು ನಕ್ಕು, ಹಾಗಾದರೆ ಕರೆದುಕೊಂಡು ಬಾಮ್ಮ ಎಂದು ಪಟ್ಟಿಯಲ್ಲಿ ಅಪ್ಪನ ಹೆಸರು ಬರೆದುಕೊಂಡರು. ಬರೆದಾದ ಮೇಲೆ ನನಗೆ ಅಪ್ಪನ ಕಿವಿ ನೆನಪಾಯಿತು.

ಮನೆಗೆ ಬಂದು ಹೇಳಿದರೆ ಅಮ್ಮ ಸೌಟು ಹಿಡಿದುಕೊಂಡೇ ಬೈದಳು. "ಕಲ್ಲು ತರೋದು ಯಾರ ಲಾರೀಲಿ? ಮೇಸ್ತ್ರಿ ಲಾರೀಲಿ. ಅವನೂ ಬಂದು ನಿಂತ್ಕತಾನೆ. ಅಷ್ಟು ಜನದ ಮುಂದೆ ಕಲ್ಲು ಅಡ್ಡ ಓಡಿದ್ರೆ? ಯಾರಾದ್ರೂ ಏನಾದ್ರೂ ಕೇಳಿ ಇವರು ಇನ್ನೇನೋ ಯೋಳಿದ್ರೆ? ಬಾಯಿಗೆ ಬೀಗ ಆಕ್ಕೊಳೋಕೆ ನಿಂಗೇನು ದಾಡಿ?" ಅಪ್ಪ ಇಬ್ಬರ ತುಟಿಯನ್ನೂ ನೋಡುತ್ತ ಕೂತಿದ್ದ. ಕೊನೆಗೆ, "ನೀನು ಕೆಲ್ಸ ಮಾಡೋ ಜಾಗ ತೋರಿಸ್ತೀಯಾ?" ಎಂದು ಕೇಳಿದ. ಹೂಂ ಅಂದೆ. "ಅಂಗಾದ್ರೆ ಬತ್ತೀನಿ ಬುಡು" ಅಂದ.

ಹಬ್ಬ ಶನಿವಾರ ಬೆಳಿಗ್ಗೆ. ಅಪ್ಪ ಮುಖ ಕ್ಷೌರ ಮಾಡಿಸಿಕೊಂಡು, ಬಿಳಿ ಪಂಚೆ ಉಟ್ಟು, ಹೊಸ ಬನಿಯನ್ ಹಾಕಿಕೊಂಡು ಬಂದಿದ್ದ. ಮೊದಲು ನಮ್ಮ ಹಾಲ್ ತೋರಿಸಿದೆ. ಒಳಗೆ ಬಿಡುವುದಿಲ್ಲವಾದ್ದರಿಂದ ಗಾಜಿನ ಆಚೆಯಿಂದ ನನ್ನ ಜಾಗ, ನನ್ನ ಸ್ಟೂಲು, ಬೆಸುಗೆ ಕಡ್ಡಿ ತೋರಿಸಿದೆ. ಅವನು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿ, "ಕೂತ್ಕಂಡೇ ಮಾಡೋದಾ? ಒಳ್ಳೇದಾಯ್ತು" ಅಂದ.

ಕ್ಯಾಂಟೀನಿನ ಹಿಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಕೆಲಸಗಾರರ ಮನೆಯವರು, ಸುತ್ತಲ ಹಳ್ಳಿಯವರು ಎಲ್ಲ ಸೇರಿ ಜನ ಚೆನ್ನಾಗಿ ನೆರೆದಿದ್ದರು. ಕುಂಬಾರಣ್ಣನ ತಿಗರಿ ಚಕ್ರದ ಸುತ್ತ ಆಫೀಸರುಗಳ ಹೆಂಡತಿಯರು ರೇಷ್ಮೆ ಸೀರೆ ಎತ್ತಿ ಹಿಡಿದು ನಿಂತಿದ್ದರು. ಒಬ್ಬಾಕೆ ಮಣ್ಣು ಮುಟ್ಟಲು ಹೋಗಿ ಎದ್ದು ನಿಂತಿದ್ದ ಮಡಕೆಯನ್ನು ತಟ್ಟೆ ಮಾಡಿದರು. ಅವನು ಬೇಜಾರು ಮಾಡಿಕೊಳ್ಳದೆ ಮತ್ತೆ ಎತ್ತಿದ. ಬುಟ್ಟಿ ಹೆಣೆಯುವ ಅಜ್ಜಿ ಮಾತ್ರ ಖಡಕ್ಕು. ಬಿದಿರು ಸೀಳು ಎಳೆಯಲು ಬಂದವರ ಕೈಗೆ ಪಟ್ಟನೆ ಹೊಡೆದು, "ಕುಯ್ದೋದ್ರೆ ನನ್ನ ಬೈಯ್ಯಬ್ಯಾಡಿ" ಎನ್ನುತ್ತಿದ್ದಳು.

ಕಲ್ಲಿನ ಚೂರು ಸಿಡಿದೀತೆಂದು ನಮ್ಮ ಜಾಗವನ್ನು ಬಯಲಿನ ಕೊನೆಯಲ್ಲಿ ಇಟ್ಟು, ಸುತ್ತ ಹಗ್ಗ ಕಟ್ಟಿದ್ದರು. ಆಳುದ್ದದ ಕಲ್ಲು. ಕುಳಿ ತೋಡುವುದಕ್ಕೇ ಹೊತ್ತು ಹಿಡಿಯುತ್ತದೆ ಎಂದು ಅಪ್ಪ ಹಿಂದಿನ ದಿನ ಬಂಡೆಯಲ್ಲೇ ತೋಡಿ ಲಾರಿಗೆ ಹೇರಿಸಿದ್ದ. ಮೇಸ್ತ್ರಿ ಹಗ್ಗದ ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದರು. ನನ್ನನ್ನು ನೋಡಿ, "ನಿಮ್ಮಪ್ಪನ್ನ ದೊಡ್ಡ ಮನುಷ್ಯನ್ನ ಮಾಡ್ಬುಟ್ಯಲ್ಲಮ್ಮ" ಎಂದು ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಸೇಫ್ಟಿ ಆಫೀಸರು ಬಂದರು. ಅಪ್ಪನ ಬರಿಗಾಲು ನೋಡಿ ತಲೆ ಅಲ್ಲಾಡಿಸಿದರು. "ಫ್ಯಾಕ್ಟರಿ ಕಾಂಪೌಂಡೊಳಗೆ ಸುತ್ತಿಗೆ ಹೊಡೆಯೋರು ಬೂಟು ಹಾಕ್ಲೇಬೇಕು. ಬರೆದಿದೆ ಕಣಮ್ಮ, ನಾನೇನ್ಮಾಡ್ಲಿ" ಅಂದರು.

ಆಗ ನಾನು ಏನಾದರೂ ನೆಪ ಹೇಳಬಹುದಿತ್ತು, ಜಗಳವಾಡಬಹುದಿತ್ತು. ಬೇರೆ ದಿನವಾಗಿದ್ದರೆ ಆಡುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟು ಜನ ಪ್ಯಾಂಟು ಶೂಗಳ ನಡುವೆ ನಮ್ಮಪ್ಪನ ಒಡೆದ ಹಿಮ್ಮಡಿ ನೋಡಿ ಬೆಳಿಗ್ಗೆಯಿಂದ ನನಗೆ ನಾಚಿಕೆಯಾಗಿತ್ತು. ಸ್ಟೋರ್ಸಿಗೆ ಓಡಿ ನಾನೇ ಒಂದು ಜೊತೆ ಕರಿ ಬೂಟು ಆರಿಸಿ ತಂದೆ. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ನಂಗೇ ಕೊಟ್ಬುಟ್ರಾ?" ಅಂದ. ಅಲ್ಲ, ಇವತ್ತಿಗೆ ಮಾತ್ರ ಅಂದೆ. ಅವನು ಒಂದು ಕಾಲು ಹಿಂದಕ್ಕೆ ಎಳೆದುಕೊಂಡು, "ಕಲ್ಲು ಅತ್ತಬೇಕಲ್ಲ ಮಗ, ಮೆಟ್ಟಾಕ್ಕೊಂಡು ಅತ್ತಬಾರ್ದು" ಅಂದ.

ಅದು ನಮ್ಮವರ ಪದ್ಧತಿ. ಸೀಳುವ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟ ಮೇಲೆ ಯಾರೂ ಕಾಲಿಗೆ ಮೆಟ್ಟು ಹಾಕಿ ಅದರ ಮೇಲೆ ನಿಲ್ಲುವುದಿಲ್ಲ. ಅವನು ಹಿಂಜರಿಯುವುದು ಅದಕ್ಕೇ ಎಂದುಕೊಂಡೆ. "ಒಂದ್ ದಿನ ತಾನೆ ಅಪ್ಪಾ, ಕಲ್ಲೇನೂ ಕೋಪ ಮಾಡ್ಕೊಳಲ್ಲ" ಎಂದು ಅವನ ಮುಖಕ್ಕೆ ಮುಖ ಕೊಟ್ಟು ಹೇಳಿ, ಮಂಡಿಯೂರಿ ಕೂತು, ನಾನೇ ಬೂಟು ತೊಡಿಸಿ ಲೇಸು ಬಿಗಿದೆ. ಅವನು ನನ್ನ ತಲೆ ನೋಡುತ್ತ ನಿಂತಿದ್ದ.

ಅರಿಶಿನ ಕುಂಕುಮ ಇಟ್ಟ, ಕಾಯಿ ಒಡೆದ, ಕೈ ಮುಗಿದ. ಕಾರ್ಯದರ್ಶಿ ಮೈಕ್ ಹಿಡಿದು, "ಈಗ ನಮ್ಮ ಪಕ್ಕದ ಊರಿನ ಹಿರಿಯರು ಕಲ್ಲು ಸೀಳಿ ತೋರಿಸುತ್ತಾರೆ" ಎಂದು ಸಾರಿದರು. ಅಪ್ಪ ಕಲ್ಲು ಹತ್ತಿದ. ಎಡಗಾಲು ಗೆರೆಯ ಆಚೆ, ಬಲಗಾಲು ಈಚೆ. ಒಂದನೇ ಸುತ್ತು ಬೆಣೆಗಳಿಗೆ ಏಟು ಹಾಕಿದ. ಕಲ್ಲು ಖಣಖಣ ಎಂದಿತು, ಜನ ಹಿಂದೆ ಸರಿದರು. ಎರಡನೇ ಸುತ್ತು ಹಾಕಿದ. ಸುತ್ತಿಗೆ ಎತ್ತುವುದರಲ್ಲಿ, ಇಳಿಸುವುದರಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಆದರೆ ಮೂರನೇ ಸುತ್ತಿನ ನಡುವೆ ನಿಂತುಬಿಟ್ಟ.

ಕಾಲು ಬದಲಿಸಿ ನಿಂತ. ಬಗ್ಗಿ ಗೆರೆ ನೋಡಿದ. ಸುತ್ತಿಗೆ ಎತ್ತಿದ, ಹೊಡೆಯದೆ ಇಳಿಸಿದ. ನನ್ನ ಅಪ್ಪ ಕಲ್ಲಿನ ಮೇಲೆ ನಿಂತು ಏನು ಮಾಡಬೇಕೆಂದು ತಿಳಿಯದೆ ಇದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೇಸ್ತ್ರಿ ಕಟ್ಟಿದ್ದ ಕೈ ಬಿಚ್ಚಿದರು. ನಾನು ಹಗ್ಗ ದಾಟಿ ಹೋಗಿ ಅವನೆದುರು ನಿಂತು, "ಏನಾಯ್ತಪ್ಪಾ?" ಅಂದೆ. ಕಾರ್ಯದರ್ಶಿಯೂ ಏನಾಯಿತೆಂದು ನೋಡಲು ಮೈಕ್ ಹಿಡಿದುಕೊಂಡೇ ಬಂದರು.

ಅಪ್ಪ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ. ಮೆಲ್ಲಗೆ ಎಂದು ಅವನು ಅಂದುಕೊಂಡದ್ದು. ಕಿವಿ ಕೇಳಿಸದವರ ಮೆಲುದನಿ ಎಷ್ಟು ದೊಡ್ಡದಿರುತ್ತದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಸಾಲದೆಂದು ಮೈಕ್ ಬೇರೆ ಅಲ್ಲೇ ಇತ್ತು.

"ಕಾಲಿಗೆ ಕೇಳಿಸ್ತಿಲ್ಲ ಕಣಮ್ಮಿ."

"ಕಾಲಿಗಾ?" ಅಂದೆ ನಾನು ಪೆದ್ದಿಯ ಹಾಗೆ.

"ಕಿವಿ ಓಗಿ ಆರು ವರ್ಷ ಆಯ್ತಲ್ಲ. ಅಂಗಾಲಲ್ಲೇ ಕೇಳ್ಕಳದು. ಬೂಟಲ್ಲಿ ಏನೂ ಗೊತ್ತಾಗಕಿಲ್ಲ."

ಬಯಲಿನ ಆ ಕೊನೆಯಲ್ಲಿದ್ದ ಸ್ಪೀಕರಿನಿಂದಲೂ ಅದೇ ಮಾತು ಬಂತು. ಇಬ್ಬರು ಮೂವರು ತಮಾಷೆ ಎಂದುಕೊಂಡು ನಕ್ಕರು. ಮೇಸ್ತ್ರಿ ನಗಲಿಲ್ಲ. ಅಪ್ಪ ನನ್ನ ಮುಖದಿಂದ ಅವರ ಮುಖಕ್ಕೆ, ಅಲ್ಲಿಂದ ಮೈಕಿಗೆ ನೋಡಿದ. ಏನಾಯಿತೆಂದು ಅವನಿಗೆ ತಿಳಿಯಿತು.

ಆ ಹೊತ್ತಿನಲ್ಲಿ ಅವನನ್ನು ಕೈ ಹಿಡಿದು ಇಳಿಸಿಕೊಂಡು ಮನೆಗೆ ಹೋಗಬೇಕು ಎನಿಸಿತು. ಆದರೆ ಅರ್ಧ ಹೊಡೆದ ಕಲ್ಲನ್ನು ಬಿಟ್ಟು ಅವನು ಇಳಿಯುವವನಲ್ಲ. ಬೂಟು ಬಿಚ್ಚಲು ಬಗ್ಗಿದ. ಸೇಫ್ಟಿ ಆಫೀಸರು ಬೇಡ ಬೇಡ ಎಂದು ಕೈ ಆಡಿಸಿದರು. ಪಾಪ, ಅವರ ಹಿಂದೆಯೇ ಫ್ಯಾಕ್ಟರಿಯ ದೊಡ್ಡ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ನನಗೆ ರೇಗಿಹೋಯಿತು. "ಹೊಡೆಯೋರಿಗೆ ಬೂಟು ಅಂತ ತಾನೆ ಸಾರ್ ನೀವು ಹೇಳಿದ್ದು? ನಾನೇನೂ ಹೊಡೆಯಲ್ಲ" ಎಂದು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಕಲ್ಲಿನ ಇನ್ನೊಂದು ತುದಿಗೆ ಹತ್ತಿ ನಿಂತೆ.

ನಮ್ಮಲ್ಲಿ ಹೆಂಗಸರು ಸೀಳುವ ಕಲ್ಲು ಹತ್ತುವುದಿಲ್ಲ. ಅಪ್ಪ ಒಂದು ಕ್ಷಣ ನನ್ನನ್ನು ನೋಡಿದ. ಇಳಿ ಎನ್ನುತ್ತಾನೆ ಎಂದುಕೊಂಡೆ. ಅವನು ಸುತ್ತಿಗೆಯ ತುದಿಯಿಂದ ಕಲ್ಲು ತೋರಿಸಿ, "ಇನ್ನೊಂಚೂರು ಗೆರೆ ಅತ್ರ ನಿಂತ್ಕ. ಗೆರೆ ಆಚೆಗೊಂದು ಈಚೆಗೊಂದು, ಎರಡು ಕಾಲೂ ಒತ್ತಿ. ನಡುಕ ನಿಂತೋದ್ರೆ ಕೈ ಎತ್ತು" ಅಂದ. ಈ ಸಲ ನಿಜವಾಗಿಯೂ ಜೋರಾಗಿಯೇ ಅಂದ.

ಹೊಡೆದ. ಅಂಗಾಲಿನಿಂದ ಮೊಣಕಾಲಿನವರೆಗೂ ಜುಮ್ಮೆಂದಿತು. ಪಕ್ಕದ ಮನೆಯಲ್ಲಿ ರಾಗಿ ಬೀಸುವಾಗ ಗೋಡೆಗೆ ಒರಗಿ ಕೂತರೆ ಬೆನ್ನಿಗೆ ಬರುತ್ತದಲ್ಲ, ಅಂಥ ನಡುಕ. ಇನ್ನೊಂದು ಏಟು, ಇನ್ನೊಂದು. ಕಣ್ಣು ಮುಚ್ಚಿಕೊಂಡೆ. ಆರು ವರ್ಷದಿಂದ ಅವನು ಹೀಗೆ ನಿಂತು ಸೀಳಿದ ಕಂಬಗಳನ್ನೇ ದಿನಾ ನೋಡುತ್ತ ನಾನು ಫ್ಯಾಕ್ಟರಿಗೆ ನಡೆದಿದ್ದೆನಲ್ಲ ಎನಿಸಿತು. ನಾಲ್ಕನೇ ಸುತ್ತು ಮುಗಿಯುತ್ತ ಬಂದಾಗ ಏಟಿನ ಸದ್ದು ಕಿವಿಗೆ ಬಂತು, ನನ್ನ ಎಡಗಾಲಿಗೆ ಏನೂ ಬರಲಿಲ್ಲ. ಗೆರೆಯ ಆ ಕಡೆ ಕಲ್ಲು ಸುಮ್ಮನಾಗಿತ್ತು. ಕೈ ಎತ್ತಿದೆ.

ಅಪ್ಪ ಸುತ್ತಿಗೆ ಕೆಳಗಿಟ್ಟು, ನನ್ನನ್ನು ಇಳಿಸಿ, ತಾನೂ ಇಳಿದು ನಿಂತ. ಜನ ಏನೆಂದು ತಿಳಿಯದೆ ಕಾದರು. ಕಾರ್ಯದರ್ಶಿ, "ಮುಗೀತಾ?" ಎಂದು ಪಿಸುಗುಟ್ಟಿದರು. ಇಲ್ಲ, ಸುಮ್ಮನಿರಿ ಎಂದೆ. ಒಂದು ಬೀಡಿ ಸೇದುವಷ್ಟು ಹೊತ್ತಾಗಿರಬೇಕು, ಟಕ್ ಎಂದು ಒಂದು ಸಣ್ಣ ಸದ್ದು ಬಂದು ಗೆರೆ ಈ ತುದಿಯಿಂದ ಆ ತುದಿಗೆ ಬಿಟ್ಟುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಬಗ್ಗಿ ಗೆರೆಯ ಮೇಲೆ ಬೆರಳಾಡಿಸಿ, "ತಪ್ಪು ನಂದೇ ಕಣಮ್ಮ" ಅಂದರು. ಆ ಮಾತಿಗಾಗಿಯೇ ನಾನು ಇದನ್ನೆಲ್ಲ ಶುರು ಮಾಡಿದ್ದು. ಕೇಳಿಸಿಕೊಂಡಾಗ ಒಂದಿಷ್ಟೂ ಸಂತೋಷವಾಗಲಿಲ್ಲ.

ಜನ ಊಟದ ಕಡೆ ಹೋದ ಮೇಲೆ ಮೇಸ್ತ್ರಿ ನಮ್ಮ ಹತ್ತಿರ ಬಂದರು. ಕೋಪ ಮಾಡಿಕೊಂಡಿರಲಿಲ್ಲ. ಮಾಡಿಕೊಂಡಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. "ಕೆಲ್ಸದಲ್ಲಿ ಐಬಿಲ್ಲಮ್ಮ, ನೋಡ್ದೆನಲ್ಲ. ಆದ್ರೆ ಬಂಡೆಗೆ ಮದ್ದು ಸಿಡ್ಸೋವಾಗ ಸೀಟಿ ಊದ್ತೀವಿ. ಸೀಟಿ ಕೇಳಿಸ್ದೇ ಇರೋನ್ನ ಎಂಗೆ ಮೇಲೆ ನಿಲ್ಸಲಿ? ಇಷ್ಟ್ ದಿನ ದೇವ್ರು ಕಾದವ್ನೆ. ನಾಳೆ ಎಚ್ಚುಕಮ್ಮಿ ಆದ್ರೆ ನಿಮ್ಮಮ್ಮಂಗೆ ನಾನೇನಂತ ಯೋಳ್ಲಿ?" ಅಂದರು. ಒಂದು ಮಾತೂ ತಪ್ಪಿರಲಿಲ್ಲ. ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದವನು, "ಜಲ್ಲಿಗಾ?" ಎಂದು ತಾನಾಗಿಯೇ ಕೇಳಿದ. ಮೇಸ್ತ್ರಿ ಹೂಂ ಎಂದು ತಲೆ ಆಡಿಸಿ, ಅವನ ಭುಜ ಮುಟ್ಟಿ ಹೋದರು.

ಮನೆಯಲ್ಲಿ ಅಮ್ಮ ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲೇ ಇಲ್ಲ. ಸೀಟಿಯ ಮಾತು ಕೇಳಿ ಒಲೆಯ ಮುಂದೆ ಕೂತಳು. ಭಾನುವಾರ ಅಪ್ಪ ತನ್ನ ದೊಡ್ಡ ಸುತ್ತಿಗೆ, ಉಳಿ, ಬೆಣೆಗಳಿಗೆಲ್ಲ ಎಣ್ಣೆ ಸವರಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ. ನಾನು ಏಣಿ ಹಿಡಿದುಕೊಂಡಿದ್ದೆ. ಏನಾದರೂ ಹೇಳಬೇಕಿತ್ತು. ಏಣಿಯ ಮೇಲಿರುವವನ ಬೆನ್ನಿಗೆ ಏನು ಹೇಳುವುದು?

ಸೋಮವಾರ ಕೆಲಸ ಮುಗಿಸಿದವಳು ಬಸ್ಸಿಳಿದು ಸೀದಾ ಜಲ್ಲಿ ರಾಶಿಯ ಹತ್ತಿರ ಹೋದೆ. ಇನ್ನೂ ಚೆನ್ನಾಗಿ ಬಿಸಿಲಿತ್ತು. ತೆಂಗಿನ ಗರಿಯ ನೆರಳಲ್ಲಿ ಏಳೆಂಟು ಹೆಂಗಸರು ಸಾಲಾಗಿ ಕೂತಿದ್ದರು, ಕೊನೆಯಲ್ಲಿ ಅಪ್ಪ. ಹಳೇ ಟೈರು ಕೊಯ್ದು ಮಾಡಿದ ರಬ್ಬರ್ ಬಳೆಯೊಳಗೆ ಕಲ್ಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಒಡೆಯುತ್ತಿದ್ದ. ಅಷ್ಟು ಸಣ್ಣ ಸುತ್ತಿಗೆ ಅವನ ಕೈಯಲ್ಲಿ ಕಾಣುತ್ತಲೇ ಇರಲಿಲ್ಲ. ನಾನು ಅವನೆದುರು ಕುಕ್ಕರುಗಾಲಲ್ಲಿ ಕೂತು, "ತಪ್ಪಾಯ್ತಪ್ಪ" ಅಂದೆ.

"ಏನು?" ಅಂದ.

"ತಪ್ಪಾಯ್ತು ಅಂದೆ."

ಅವನು ಕಿವಿಗೆ ಕೈ ಕೊಟ್ಟು ಮುಂದೆ ಬಾಗಿದ. ಮೂರನೇ ಸಲ ಕಿರುಚಿದೆ. ಅಷ್ಟೂ ಹೆಂಗಸರ ಸುತ್ತಿಗೆ ನಿಂತುಹೋಯಿತು. ಪಕ್ಕದಲ್ಲಿದ್ದ ಮುದುಕಿ ಅವನ ಮೊಣಕೈ ತಟ್ಟಿ, "ತಪ್ಪಾಯ್ತು ಅಂತಾವ್ಳೆ ಕಣಣ್ಣ ನಿನ್ ಮಗಳು" ಅಂದಳು.

"ಮೊದಲ್ನೇ ಕಿತಾನೇ ಗೊತ್ತಾಯ್ತು" ಎಂದ ಅಪ್ಪ.

"ಮತ್ಯಾಕೆ ಮೂರು ಸಲ ಹೇಳಿಸ್ದೆ?"

"ನೀನು ಬಾಯಿ ಬುಟ್ಟಿದ್ದು ಎಲ್ರ ಮುಂದೆ ತಾನೆ."

ಹೆಂಗಸರು ಗೊಳ್ಳೆಂದು ನಕ್ಕರು. ಅವನೂ ನಕ್ಕ. ನಾನು ನಗಲು ಹೋದವಳು ಅತ್ತುಬಿಟ್ಟೆ. ಮೂಗು ಒರೆಸಿಕೊಂಡು, ಅವನಿಗೆ ಕಾಣುವಂತೆ ಮುಖ ಎತ್ತಿ, "ಸೀಳೋದು ಹೋಯ್ತಲ್ಲಪ್ಪ ನನ್ನಿಂದ" ಅಂದೆ.

ಅವನು ರಬ್ಬರ್ ಬಳೆಯೊಳಗೆ ಇನ್ನೊಂದು ಕಲ್ಲು ಇಟ್ಟ. "ಓಯ್ತು" ಅಂದ.

ಪರವಾಗಿಲ್ಲ ಬಿಡು ಎಂದು ಅವತ್ತು ಹೇಳಲಿಲ್ಲ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ, ನನ್ನ ಮದುವೆ ಮಾಡಿದ, ಮೊಮ್ಮಗನನ್ನು ಎತ್ತಿ ಆಡಿಸಿದ. ಒಂದು ದಿನವೂ ಹೇಳಲಿಲ್ಲ.